ಶ್ರೀಹರಿಕೋಟಾದ ಲಾಂಚ್ ವ್ಯೂ ಗ್ಯಾಲರಿ: ಪಾಸ್‌ಗಿಂತ ಮೊದಲು ರಾಕೆಟ್ ಯಾವುದೆಂದು ನೋಡಿ

ಉಪಗ್ರಹ ಹೊತ್ತ ಇಸ್ರೋ ರಾಕೆಟ್ ಮೇಲೇಳುವುದನ್ನು ಸಾಮಾನ್ಯ ಜನ ಕೂತು ನೋಡಲೆಂದೇ ಕಟ್ಟಿದ ಜಾಗ ಆಂಧ್ರದ ಶ್ರೀಹರಿಕೋಟಾದಲ್ಲಿದೆ. ಅದು ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರದ ಲಾಂಚ್ ವ್ಯೂ ಗ್ಯಾಲರಿ. 2019ರ ಮಾರ್ಚ್ 31ರಂದು ಉದ್ಘಾಟನೆಯಾಗಿ, ಮರುದಿನವೇ ಪಿಎಸ್‌ಎಲ್‌ವಿ ರಾಕೆಟ್‌ನ ಸಿ45 ಎಂಬ ಉಡಾವಣೆಗೆ ಜನರನ್ನು ಒಳಗೆ ಬಿಟ್ಟರು. ಆರಂಭದಲ್ಲಿ ಸುಮಾರು 5,000 ಜನಕ್ಕೆಂದು ಕಟ್ಟಿದ್ದು. ಶುಲ್ಕ ಇಲ್ಲ, ನೋಂದಣಿ ಕಡ್ಡಾಯ.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಸ್ರೋದ ಅತಿ ಭಾರದ ರಾಕೆಟ್ ಎಲ್‌ವಿಎಂ3 ಹಾರುವ ದಿನವಾದರೆ, ಅಥವಾ ನಸುಕಿನಲ್ಲೋ ರಾತ್ರಿಯಲ್ಲೋ ಯಾವ ರಾಕೆಟ್ ಹಾರುವುದಾದರೂ, ಬೆಂಗಳೂರಿನಿಂದ ಏಳು ಗಂಟೆ ಗಾಡಿ ಓಡಿಸಿಕೊಂಡು ಹೋಗಿ ಬರುವುದಕ್ಕೆ ಮೋಸವಿಲ್ಲ. ಮೋಡ ಕವಿದ ಹಗಲಿನ ಪಿಎಸ್‌ಎಲ್‌ವಿ ಆದರೆ ಮನೆಯ ಟೀವಿಯೇ ಲೇಸು, ಹದಿನೈದಿಪ್ಪತ್ತು ಸೆಕೆಂಡಿನಲ್ಲಿ ರಾಕೆಟ್ ಮೋಡದೊಳಗೆ ಮಾಯವಾಗಿ, ಮಿಕ್ಕ ಹೊತ್ತೆಲ್ಲ ಪರದೆ ನೋಡಿಕೊಂಡೇ ಕೂರಬೇಕಾಗುತ್ತದೆ. ಪಾಸ್ ಸಿಕ್ಕಿದ ಖುಷಿಯಲ್ಲಿ ಬಹಳ ಜನ ಈ ಲೆಕ್ಕವನ್ನೇ ಹಾಕುವುದಿಲ್ಲ.

ಗ್ಯಾಲರಿ ಎಂದರೆ ಕ್ರೀಡಾಂಗಣದಲ್ಲಿರುವಂಥ ಮೆಟ್ಟಿಲು ಸಾಲು, ಎದುರಿಗೆ ದೊಡ್ಡ ಎಲ್‌ಇಡಿ ಪರದೆಗಳು, ಧ್ವನಿವರ್ಧಕ. ಆಕಾಶ ನೋಡಬೇಕಾದ್ದರಿಂದ ತಲೆಯ ಮೇಲೆ ಸೂರು ನಿರೀಕ್ಷಿಸುವ ಹಾಗಿಲ್ಲ. ಇಲ್ಲಿ ಹೊಸಬರಿಗೆ ಆಗುವ ಮೊದಲ ನಿರಾಸೆ ಏನೆಂದರೆ, ನಿಂತ ರಾಕೆಟ್ ಕಾಣುವುದಿಲ್ಲ. ಉಡಾವಣಾ ವೇದಿಕೆಗಳು ಕೆಲವು ಕಿಲೋಮೀಟರ್ ಆಚೆ, ಕಡಲಂಚಿನಲ್ಲಿವೆ. ನಡುವೆ ದಟ್ಟ ಮರಗಳು. ಕೌಂಟ್‌ಡೌನ್ ಸೊನ್ನೆಗೆ ಬಂದಾಗ ಪರದೆಯ ಮೇಲೆ ಬೆಂಕಿ ಕಾಣುತ್ತದೆ, ಎದುರಿಗೆ ಏನೂ ಇಲ್ಲ. ಕೆಲವು ಸೆಕೆಂಡು ಕಳೆದ ಮೇಲೆ ಮರಗಳ ತುದಿಯಿಂದ ಬೆಳಕು ಎದ್ದುಬರುತ್ತದೆ. ಈ ಹೊತ್ತಿಗೆ ಅರ್ಧ ಜನ ಪರದೆಯನ್ನೇ ನೋಡುತ್ತಿರುತ್ತಾರೆ! ಕೊನೆಯ ಹತ್ತು ಎಣಿಕೆ ಶುರುವಾದೊಡನೆ ಪರದೆ ಬಿಟ್ಟು ಮರಗಳ ಗೆರೆಯ ಮೇಲೆ ಕಣ್ಣಿಡಿ. ಯಾವ ಕಡೆ ಎಂಬುದನ್ನು ಮೊದಲೇ ಸ್ವಯಂಸೇವಕರನ್ನೋ ಭದ್ರತಾ ಸಿಬ್ಬಂದಿಯನ್ನೋ ಕೇಳಿಟ್ಟುಕೊಳ್ಳಿ. ವೇದಿಕೆಗಳು ಎರಡಿವೆ, ದಿಕ್ಕು ಸ್ವಲ್ಪ ಬೇರೆ ಬೇರೆ.

ಸದ್ದು ತಡವಾಗಿ ಬರುತ್ತದೆ. ಅಲ್ಲಿನ ಸೆಕೆಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಸಾಗುತ್ತದೆ, ಅಂದರೆ ಒಂದು ಕಿಲೋಮೀಟರಿಗೆ ಹತ್ತಿರ ಹತ್ತಿರ 3 ಸೆಕೆಂಡು. ಬೆಂಕಿ ಕಂಡು, ಜನ ಕೂಗಿ, ಚಪ್ಪಾಳೆ ತಟ್ಟಿ ಮುಗಿಯುವಾಗ ಗುಡುಗು ಬರುತ್ತದೆ. ಮೊದಲು ತಗ್ಗಿನ ಗುಡುಗುಡು, ಎದೆಗೂಡಿಗೆ ತಟ್ಟುವಂಥದ್ದು. ಆಮೇಲೆ ರಾಕೆಟ್ ಮೇಲೇರಿ ಅದರ ಬಾಲ ನಮ್ಮ ಕಡೆ ತಿರುಗಿದಂತೆ ಚಟಪಟ ಸಿಡಿಯುವ ಸದ್ದು. ಈ ಸಿಡಿತ ಘನ ಇಂಧನದ ಮೋಟರ್‌ಗಳಲ್ಲಿ ಎದ್ದು ಕೇಳುತ್ತದೆ. ಟೀವಿಯಲ್ಲಿ ಇದು ಬರುವುದೇ ಇಲ್ಲ, ಸ್ಪೀಕರಿಗೆ ಆ ಶಕ್ತಿಯಿಲ್ಲ. ಗ್ಯಾಲರಿಗೆ ಹೋಗುವುದಕ್ಕೆ ದೊಡ್ಡ ಕಾರಣ ಕಣ್ಣಲ್ಲ, ಕಿವಿ. ಹಸುಗೂಸು ಇದ್ದರೆ ಕಿವಿಗೆ ಹತ್ತಿಯಾದರೂ ಇರಲಿ, ದೊಡ್ಡವರಿಗೆ ಬೇಕಿಲ್ಲ.

ಇನ್ನು ರಾಕೆಟ್‌ಗಳ ವಿಚಾರ. ಒಂದೊಂದರ ನೋಟವೂ ಬೇರೆ.

ಪಿಎಸ್‌ಎಲ್‌ವಿ 44.4 ಮೀಟರ್ ಎತ್ತರ. ದೊಡ್ಡ ರೂಪವಾದ ಎಕ್ಸ್‌ಎಲ್ ಸುಮಾರು 320 ಟನ್. ತೂಕಕ್ಕೆ ಹೋಲಿಸಿದರೆ ನೂಕುಬಲ ಜಾಸ್ತಿ, ಹಾಗಾಗಿ ಬೇಗ ಚಿಮ್ಮುತ್ತದೆ. ಫೋನಿನ ಕ್ಯಾಮೆರಾ ಸರಿಮಾಡಿಕೊಳ್ಳುವುದರಲ್ಲಿ ಅರ್ಧ ಆಕಾಶ ಏರಿರುತ್ತದೆ. ಎಕ್ಸ್‌ಎಲ್‌ನಲ್ಲಿ ಆರು ಪಕ್ಕದ ಬೂಸ್ಟರ್‌ಗಳಿದ್ದು ನಾಲ್ಕು ನೆಲದ ಮೇಲೆಯೇ ಹೊತ್ತಿಕೊಳ್ಳುತ್ತವೆ, ಉಳಿದೆರಡು ಸುಮಾರು 25ನೇ ಸೆಕೆಂಡಿಗೆ ಗಾಳಿಯಲ್ಲಿ. ಆಕಾಶ ತಿಳಿಯಾಗಿದ್ದರೆ ಆ ಕ್ಷಣ ಬೆಂಕಿ ಸ್ವಲ್ಪ ಹಿಗ್ಗಿದ್ದು ಬರಿಗಣ್ಣಿಗೆ ಗೊತ್ತಾಗುತ್ತದೆ. 70 ಸೆಕೆಂಡಿನ ಆಸುಪಾಸು ನೆಲದಲ್ಲಿ ಹೊತ್ತಿದ ನಾಲ್ಕು ಕಳಚಿಬೀಳುತ್ತವೆ, 90 ದಾಟಿದ ಮೇಲೆ ಉಳಿದೆರಡು. ಸಾಧಾರಣ ಬೈನಾಕ್ಯುಲರ್ ಇದ್ದರೂ ಚುಕ್ಕೆಗಳು ಬೇರೆಯಾಗುವುದು ಕಂಡೀತು. 110 ಸೆಕೆಂಡಿನ ಸುಮಾರಿಗೆ ಮೊದಲ ಹಂತ ಮುಗಿದು ಎರಡನೇ ಹಂತದ ವಿಕಾಸ್ ಎಂಜಿನ್ ಹೊತ್ತಿಕೊಂಡಾಗ ಬಿಳಿ ಹೊಗೆಯ ಗೆರೆ ಅಲ್ಲಿಗೇ ನಿಂತುಬಿಡುತ್ತದೆ. ರಾಕೆಟ್ ಏನೋ ಆಗಿಹೋಯಿತು ಎಂದು ಪಕ್ಕದವರು ಗಾಬರಿಯಾಗುವುದು ಇಲ್ಲೇ. ಏನೂ ಆಗಿರುವುದಿಲ್ಲ. ಘನ ಇಂಧನದಲ್ಲಿರುವ ಅಲ್ಯೂಮಿನಿಯಂ ಪುಡಿ ಉರಿದು ದಟ್ಟ ಬಿಳಿ ಹೊಗೆಯಾಗುತ್ತದೆ. ವಿಕಾಸ್‌ನ ದ್ರವ ಇಂಧನಕ್ಕೆ ಆ ಹೊಗೆ ಇಲ್ಲ, ಹಗಲಲ್ಲಿ ಜ್ವಾಲೆಯೂ ಕಾಣುವುದಿಲ್ಲ.

ಪಿಎಸ್‌ಎಲ್‌ವಿಯಲ್ಲೇ ಬೂಸ್ಟರ್ ಇಲ್ಲದ 'ಸಿಎ', ಎರಡಿರುವ 'ಡಿಎಲ್', ನಾಲ್ಕಿರುವ 'ಕ್ಯೂಎಲ್' ರೂಪಗಳೂ ಇವೆ. ಗ್ಯಾಲರಿಗೆ ಮೊದಲ ಜನ ಬಂದ ಸಿ45 ಕ್ಯೂಎಲ್‌ನ ಮೊದಲ ಹಾರಾಟವೂ ಆಗಿತ್ತು. ನೋಟದ ದೃಷ್ಟಿಯಿಂದ ಕೇಳಿದರೆ ಎಕ್ಸ್‌ಎಲ್‌ಗೆ ಹೋಗಿ. 'ಸಿಎ' ನೋಡಲು ದೂರದೂರಿನಿಂದ ಹೊರಡುವುದು ಅಷ್ಟೇನೂ ಲಾಭದ ಬಾಬತ್ತಲ್ಲ.

ಇನ್ನೊಂದು ರಾಕೆಟ್ ಜಿಎಸ್‌ಎಲ್‌ವಿಯಲ್ಲಿ ಹೊತ್ತಿಕೊಳ್ಳುವ ಕ್ರಮವೇ ಬೇರೆ. ಪಕ್ಕದ ನಾಲ್ಕು ದ್ರವ ಬೂಸ್ಟರ್‌ಗಳು ಸೊನ್ನೆಗೆ 4.8 ಸೆಕೆಂಡು ಮೊದಲೇ ಹೊತ್ತಿಕೊಳ್ಳುತ್ತವೆ, ಅವು ಸರಿಯಿವೆ ಎಂದು ಕಂಪ್ಯೂಟರಿಗೆ ಖಾತ್ರಿಯಾದ ಮೇಲಷ್ಟೇ ನಡುವಿನ ಘನ ಮೋಟರಿಗೆ ಬೆಂಕಿ. ಕಾರಣ ಸರಳ: ದ್ರವ ಎಂಜಿನ್ ನಿಲ್ಲಿಸಬಹುದು, ಘನ ಮೋಟರ್ ಒಮ್ಮೆ ಹೊತ್ತಿತೆಂದರೆ ಮುಗಿಯಿತು. ಪರದೆಯಲ್ಲಿ ಸೊನ್ನೆಗೂ ಮೊದಲೇ ಬೆಂಕಿ ಕಂಡರೆ ಗಾಬರಿ ಬೇಡ.

ಎಲ್‌ವಿಎಂ3 ಬೇರೆಯೇ ಜಾತಿ. 43.5 ಮೀಟರ್ ಎತ್ತರ, 640 ಟನ್ ತೂಕ. ಮೇಲೇಳುವಾಗ ಉರಿಯುವುದು ಎರಡೇ, ಆದರೆ ಅವು ಎಸ್200ಗಳು: 3.2 ಮೀಟರ್ ಅಗಲದ, ಒಂದೊಂದರಲ್ಲೂ ಸುಮಾರು 200 ಟನ್ ಘನ ಇಂಧನ ತುಂಬಿದ ಬೂಸ್ಟರ್‌ಗಳು. ಪಿಎಸ್‌ಎಲ್‌ವಿ ಚಿಮ್ಮಿದರೆ ಇದು ತೇರಿನ ಹಾಗೆ ಭಾರವಾಗಿ ಏಳುತ್ತದೆ. ಮರದ ತುದಿ ದಾಟಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಬೆಂಕಿಯ ಬಾಲ ಉದ್ದ, ಬೆಳಕು ಕಣ್ಣು ಕುಕ್ಕುವಷ್ಟು. ನಡುವಿನ ಎಲ್110 ಹಂತ ನೆಲದ ಮೇಲೆ ಸುಮ್ಮನಿದ್ದು, ಎರಡು ನಿಮಿಷಕ್ಕೆ ಸ್ವಲ್ಪ ಮುಂಚೆ ಆಕಾಶದಲ್ಲೇ ಹೊತ್ತಿಕೊಳ್ಳುತ್ತದೆ. ಆನಂತರ ಎಸ್200ಗಳು ಕಳಚುತ್ತವೆ. ಚಂದ್ರಯಾನ-3 ಹೊತ್ತು 2023ರ ಜುಲೈ 14ರ ಮಧ್ಯಾಹ್ನ 2:35ಕ್ಕೆ ಹಾರಿದ್ದು ಇದೇ ರಾಕೆಟ್. ಮಕ್ಕಳನ್ನು ಜೀವನದಲ್ಲಿ ಒಂದೇ ಸಲ ಕರೆದೊಯ್ಯುವುದಾದರೆ ಎಲ್‌ವಿಎಂ3ಗೆ ಕಾಯಿರಿ. ಚಿಕ್ಕದಾದ ಎಸ್‌ಎಸ್‌ಎಲ್‌ವಿ 34 ಮೀಟರ್, 120 ಟನ್. ಪಾಸ್ ಸಿಕ್ಕರೆ ಚೆನ್ನೈನವರು ಹೋಗಿಬರಬಹುದು.

ರಾಕೆಟ್ ಯಾವುದೆಂದು ನೋಡಿದಿರಿ, ಇನ್ನು ಗಂಟೆ ನೋಡಿ. ಉಡಾವಣೆಯ ಸಮಯ ಇಸ್ರೋದ ಇಷ್ಟವಲ್ಲ, ಕಕ್ಷೆಯ ಲೆಕ್ಕ. ಭೂಮಿಯ ಚಿತ್ರ ತೆಗೆಯುವ ಕ್ಯಾಮೆರಾ ಉಪಗ್ರಹಗಳು ಬೆಳಿಗ್ಗೆ ಒಂಬತ್ತೂವರೆ-ಹತ್ತೂವರೆಗೆ ನೆತ್ತಿ ಮೇಲೆ ಹಾಯುವ ಸೂರ್ಯಸ್ಥಿರ ಕಕ್ಷೆಗೆ ಹೋಗುತ್ತವೆ, ಆದ್ದರಿಂದ ಅವುಗಳ ಉಡಾವಣೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. 2017ರಲ್ಲಿ 104 ಉಪಗ್ರಹ ಹೊತ್ತ ಪಿಎಸ್‌ಎಲ್‌ವಿ-ಸಿ37 ಹಾರಿದ್ದು 9:28ಕ್ಕೆ, ಸಿ45 9:27ಕ್ಕೆ. ರೇಡಾರ್ ಉಪಗ್ರಹಗಳಿಗೆ ಮುಂಜಾವು-ಮುಸ್ಸಂಜೆಯ ಕಕ್ಷೆ ಇಷ್ಟ, ಸೌರಫಲಕಕ್ಕೆ ಸದಾ ಬಿಸಿಲು ಸಿಗುತ್ತದೆಂದು. ಹಾಗಾಗಿ ಇಒಎಸ್-04 ಹೊತ್ತ ಸಿ52 2022ರ ಫೆಬ್ರವರಿ 14ರ ಬೆಳಿಗ್ಗೆ 5:59ಕ್ಕೆ, ನೈಸಾರ್ ಹೊತ್ತ ಜಿಎಸ್‌ಎಲ್‌ವಿ-ಎಫ್16 2025ರ ಜುಲೈ 30ರ ಸಂಜೆ 5:40ಕ್ಕೆ ಹಾರಿದವು. ಉಪಗ್ರಹ ಯಾವ ಬಗೆಯದು ಎಂದು ಗೊತ್ತಾದರೆ ಸಮಯ ಪ್ರಕಟವಾಗುವ ಮುನ್ನವೇ ಅಂದಾಜು ಮಾಡಬಹುದು.

ನೋಟಕ್ಕೆ ಅತ್ಯುತ್ತಮ ಹೊತ್ತು ನಸುಕು. ನೆಲದಲ್ಲಿ ಇನ್ನೂ ಮಬ್ಬು, ಎತ್ತರದಲ್ಲಿ ಹೊಗೆಗೆ ಸೂರ್ಯನ ಬೆಳಕು ತಾಗಿ ಬಣ್ಣ ಬಣ್ಣವಾಗಿ ಹರಡಿಕೊಳ್ಳುತ್ತದೆ. ಶ್ರೀಹರಿಕೋಟಾದ ನೂರನೇ ಉಡಾವಣೆ, ಜಿಎಸ್‌ಎಲ್‌ವಿ-ಎಫ್15, 2025ರ ಜನವರಿ 29ರ ಬೆಳಿಗ್ಗೆ 6:23ಕ್ಕೆ ಹಾರಿದ್ದು ಇಂಥದೇ ಹೊತ್ತಿನಲ್ಲಿ. ರಾತ್ರಿಯ ಉಡಾವಣೆಯಲ್ಲಿ ಸುತ್ತಲ ಆಕಾಶವೇ ಒಂದು ಕ್ಷಣ ಹಗಲಾಗುತ್ತದೆ. ಎಲ್ಲಕ್ಕಿಂತ ಕಳಪೆ ಎಂದರೆ ಬೆಳಗಿನ ಒಂಬತ್ತೂವರೆ: ರಾಕೆಟ್ ಹೋಗುವುದು ಪೂರ್ವ ಅಥವಾ ಆಗ್ನೇಯಕ್ಕೆ, ಸೂರ್ಯ ಇರುವುದೂ ಅಲ್ಲೇ. ತಂಪು ಕನ್ನಡಕ ಇಲ್ಲದೆ ಹೋದರೆ ಕಣ್ಣಲ್ಲಿ ನೀರು, ಫೋಟೋದಲ್ಲಿ ಬರೀ ಬಿಳುಪು.

ತಿಂಗಳೂ ಮುಖ್ಯ. ಅಕ್ಟೋಬರಿನಿಂದ ಡಿಸೆಂಬರ್ ನಡುವೆ ಈಶಾನ್ಯ ಮಾರುತದ ಮಳೆ, ಬಂಗಾಳ ಕೊಲ್ಲಿಯ ಚಂಡಮಾರುತ. ಮಳೆ ಬಿದ್ದ ಮಾತ್ರಕ್ಕೆ ಉಡಾವಣೆ ನಿಲ್ಲುವುದಿಲ್ಲ; ಮಿಂಚಿನ ಅಪಾಯ, ಮೇಲಿನ ಗಾಳಿಯ ವೇಗ ಮಿತಿ ದಾಟಿದರೆ ನಿಲ್ಲುತ್ತದೆ. ಜನವರಿ-ಮಾರ್ಚ್ ಎಲ್ಲಕ್ಕೂ ಒಳ್ಳೆಯದು. ಮೇ ತಿಂಗಳ ಮಧ್ಯಾಹ್ನ ಆ ಸಿಮೆಂಟ್ ಮೆಟ್ಟಿಲ ಮೇಲೆ ಕೂರುವುದು ಶಿಕ್ಷೆ.

ಮುಂದೂಡಿಕೆಗೆ ತಯಾರಾಗಿಯೇ ಹೊರಡಬೇಕು. ಚಂದ್ರಯಾನ-2 ನೋಡಲು 2019ರ ಜುಲೈ 15ರ ನಡುರಾತ್ರಿ ಗ್ಯಾಲರಿ ತುಂಬಿತ್ತು. 2:51ಕ್ಕೆ ಹಾರಬೇಕಿದ್ದ ರಾಕೆಟ್‌ನ ಎಣಿಕೆ 56 ನಿಮಿಷ 24 ಸೆಕೆಂಡು ಉಳಿದಿರುವಾಗ ನಿಂತಿತು. ಹಾರಿದ್ದು 22ರ ಮಧ್ಯಾಹ್ನ 2:43ಕ್ಕೆ. 2024ರ ಡಿಸೆಂಬರ್ 4ರ ಪ್ರೋಬಾ-3 ಉಡಾವಣೆ ಕೊನೆಯ ಒಂದು ಗಂಟೆಯೊಳಗೆ ಮುಂದಕ್ಕೆ ಹೋಯಿತು, ಕಾರಣ ರಾಕೆಟ್ ಅಲ್ಲ, ಉಪಗ್ರಹದಲ್ಲೇ ಕಂಡ ದೋಷ. ಮರುದಿನ ಸಂಜೆ 4:04ಕ್ಕೆ ಹಾರಿತು. ಮಾನವಸಹಿತ ಗಗನಯಾನ ಯೋಜನೆಯ ಟಿವಿ-ಡಿ1 ಎಂಬ ಪರೀಕ್ಷಾ ಹಾರಾಟ 2023ರ ಅಕ್ಟೋಬರ್ 21ರಂದು ಎಂಟಕ್ಕೆಂದು ಹೇಳಿ, ಎಂಟೂವರೆ, ಎಂಟೂಮುಕ್ಕಾಲು ಎಂದು ತಳ್ಳಿ, ಕೊನೆಗೆ 5 ಸೆಕೆಂಡು ಉಳಿದಾಗ ಕಂಪ್ಯೂಟರ್ ತಡೆದು, ಹತ್ತು ಗಂಟೆಗೆ ಹಾರಿತು. ಆವತ್ತು ಎದ್ದು ಹೊರಟುಹೋದವರು ಪೆಚ್ಚಾದರು. ತಡೆ ಬಂದ ಕೂಡಲೇ ಎದ್ದು ಹೋಗಬೇಡಿ. 'ಇವತ್ತಿಗೆ ರದ್ದು' ಎಂಬ ಘೋಷಣೆ ಕಿವಿಯಾರೆ ಕೇಳುವ ತನಕ ಕೂತಿರಿ.

ತಡೆಯ ಸಾಧ್ಯತೆ ಎಲ್ಲ ರಾಕೆಟ್‌ಗಳಿಗೂ ಒಂದೇ ಅಲ್ಲ. ಜಿಎಸ್‌ಎಲ್‌ವಿ, ಎಲ್‌ವಿಎಂ3ಗಳ ಮೇಲಿನ ಹಂತಕ್ಕೆ ಮೈನಸ್ 253 ಡಿಗ್ರಿಯ ದ್ರವ ಜಲಜನಕ, ಮೈನಸ್ 183 ಡಿಗ್ರಿಯ ದ್ರವ ಆಮ್ಲಜನಕ ತುಂಬಬೇಕು. ಕುದಿದು ಹಾರಿಹೋಗುವ ಸರಕಾದ್ದರಿಂದ ಮೊದಲೇ ತುಂಬಿಡಲಾಗದು, ಕೊನೆಯ ಗಂಟೆಗಳಲ್ಲೇ ಆಗಬೇಕು. ಸೋರಿಕೆ ಕಂಡರೆ ಆಗಲೇ ಕಾಣುವುದು, ನೀವು ಗ್ಯಾಲರಿಯಲ್ಲಿ ಕೂತ ಮೇಲೆ. ಪಿಎಸ್‌ಎಲ್‌ವಿಗೆ ಈ ತೊಂದರೆ ಇಲ್ಲ. ಅಂತರಿಕ್ಷದ ಬೇರೆ ವಸ್ತುಗಳಿಗೆ ಡಿಕ್ಕಿಯಾಗದಿರಲೆಂದು ನಿಮಿಷ-ಎರಡು ನಿಮಿಷ ತಳ್ಳುವುದೂ ಈಗ ಮಾಮೂಲಿ: ಸ್ಪೇಡೆಕ್ಸ್ ಉಪಗ್ರಹಗಳನ್ನು ಹೊತ್ತ ಪಿಎಸ್‌ಎಲ್‌ವಿ-ಸಿ60 2024ರ ಡಿಸೆಂಬರ್ 30ರ ರಾತ್ರಿ 9:58ರ ಬದಲು 10 ದಾಟಿ 15 ಸೆಕೆಂಡಿಗೆ ಹಾರಿತು. ದಿನವೇ ಬದಲಾದರೆ ಹಳೆಯ ಪಾಸ್ ನಡೆಯುತ್ತದೆಂದು ನೀವೇ ಅಂದುಕೊಂಡು ಹೊರಡಬೇಡಿ, ಇಸ್ರೋದ ಹೊಸ ಪ್ರಕಟಣೆ ಓದಿ. ವಾಪಸು ಟಿಕೆಟ್ ತೆಗೆಯುವಾಗ ಒಂದು ಹೆಚ್ಚುವರಿ ದಿನ ಇಟ್ಟುಕೊಂಡವರು ಜಾಣರು.

ನೋಂದಣಿ ಆನ್‌ಲೈನ್‌ನಲ್ಲಿ, ಗ್ಯಾಲರಿಗೆಂದೇ ಇರುವ ಶಾರ್ (ಶ್ರೀಹರಿಕೋಟಾ ಕೇಂದ್ರದ ಚಿಕ್ಕ ಹೆಸರು) ಜಾಲತಾಣದಲ್ಲಿ. ಉಡಾವಣೆ ದಿನ ಗೊತ್ತಾದ ಮೇಲೆ ನೋಂದಣಿ ತೆರೆಯುವ ದಿನ, ಗಂಟೆಯನ್ನು ಇಸ್ರೋ ತನ್ನ ಸಾಮಾಜಿಕ ಖಾತೆಗಳಲ್ಲಿ ಹಾಕುತ್ತದೆ. ಹೆಸರಾದ ಉಡಾವಣೆಗೆ ಜಾಗ ಬೇಗ ಖಾಲಿಯಾಗುತ್ತದೆ, ಆ ಹೊತ್ತಿಗೆ ಜಾಲತಾಣವೂ ತೆವಳುತ್ತದೆ. ಬರುವವರೆಲ್ಲರ ಹೆಸರು ಗುರುತಿನ ಚೀಟಿಯಲ್ಲಿ ಇದ್ದ ಹಾಗೆಯೇ, ಸಂಖ್ಯೆ ಸಮೇತ, ಒಂದು ಕಡೆ ಬರೆದಿಟ್ಟುಕೊಂಡು ಕೂರಿ. ಎಡವುವುದು ಸಾಮಾನ್ಯವಾಗಿ ಇಲ್ಲಿ: ಆಧಾರ್‌ನಲ್ಲಿ ಇನಿಶಿಯಲ್ ಮುಂದೆ, ನೋಂದಣಿಯಲ್ಲಿ ಹಿಂದೆ, ನೋಂದಣಿ ಆಧಾರ್‌ನಿಂದ, ಕೈಯಲ್ಲಿ ಲೈಸೆನ್ಸ್. ನೋಂದಣಿಗೆ ಬಳಸಿದ ಚೀಟಿಯ ಅಸಲು ಪ್ರತಿಯನ್ನೇ ಒಯ್ಯಿರಿ. ಪಾಸ್‌ನ ಪ್ರಿಂಟ್ ಇರಲಿ, ಜನ ಕಿಕ್ಕಿರಿದಲ್ಲಿ ಮೊಬೈಲ್ ನೆಟ್‌ವರ್ಕ್ ನೆಚ್ಚಿಕೊಳ್ಳುವಂತಿಲ್ಲ. ಫೋನಿನಲ್ಲಿ ಯೂಟ್ಯೂಬ್ ನೇರಪ್ರಸಾರ ಹಾಕಿಕೊಂಡು ಎಣಿಕೆ ನೋಡುವ ಯೋಚನೆಯನ್ನೂ ಬಿಡಿ. ಅದು ಹಲವು ಸೆಕೆಂಡು ಹಿಂದಿರುತ್ತದೆ, ಪರದೆಯಲ್ಲಿ ಹತ್ತು ಎನ್ನುವಾಗ ಎದುರಿಗೆ ಹೊತ್ತಿಬಿಟ್ಟಿರುತ್ತದೆ.

ದಾರಿ. ಶ್ರೀಹರಿಕೋಟಾ ಈಗ ತಿರುಪತಿ ಜಿಲ್ಲೆಯಲ್ಲಿದೆ. 2022ಕ್ಕೆ ಮುಂಚೆ ನೆಲ್ಲೂರು. ಹತ್ತಿರದ ಊರು ಸೂಳ್ಳೂರುಪೇಟ, ಚೆನ್ನೈ-ಕೋಲ್ಕತ್ತ ಹೆದ್ದಾರಿ 16ರ ಮೇಲೆ. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು, ಚಿತ್ತೂರು, ತಿರುಪತಿ, ಶ್ರೀಕಾಳಹಸ್ತಿ, ನಾಯುಡುಪೇಟ ಹಾದು ಸುಮಾರು 340 ಕಿ.ಮೀ. ಚೆನ್ನೈ ಮೇಲೆ ಹೋದರೆ ದೂರವೂ ಹೆಚ್ಚು, ನಗರದ ಟ್ರಾಫಿಕ್ಕಿನ ತಲೆನೋವೂ ಹೆಚ್ಚು. ರೈಲಿನಲ್ಲಾದರೆ ಚೆನ್ನೈ ಸೆಂಟ್ರಲ್‌ನಲ್ಲಿ ಇಳಿದು, ಪಕ್ಕದಲ್ಲೇ ಇರುವ ಮೂರ್ ಮಾರ್ಕೆಟ್ ಕಾಂಪ್ಲೆಕ್ಸ್‌ನಿಂದ ಸೂಳ್ಳೂರುಪೇಟ ಲೋಕಲ್ ಹಿಡಿಯಬೇಕು. ಸುಮಾರು 83 ಕಿ.ಮೀ., ಎರಡು ಗಂಟೆ ಮೇಲಾಗುತ್ತದೆ. ಬೆಳಿಗ್ಗೆ ಆರರ ಉಡಾವಣೆಗೆ ಅದೇ ದಿನದ ಮೊದಲ ಲೋಕಲ್ ನೆಚ್ಚಿದರೆ ಗೇಟು ಮುಚ್ಚಿರುತ್ತದೆ, ಹಿಂದಿನ ರಾತ್ರಿಯೇ ಬಂದಿರಬೇಕು.

ಸೂಳ್ಳೂರುಪೇಟದಿಂದ ಸುಮಾರು 18 ಕಿ.ಮೀ. ದಾರಿ ಪುಲಿಕಾಟ್ ಸರೋವರವನ್ನು ಸೀಳಿಕೊಂಡು ಹೋಗುತ್ತದೆ. ದ್ವೀಪಕ್ಕೆ ಹೋಗುವ ಮುಖ್ಯ ರಸ್ತೆ ಇದೊಂದೇ ಆದ್ದರಿಂದ ಉಡಾವಣೆ ದಿನ ಗಾಡಿ ಸಾಲುಗಟ್ಟುತ್ತದೆ, ಪೊಲೀಸರು ಕೆಲ ಹೊತ್ತು ತಡೆಯುವುದೂ ಉಂಟು. ಪಾಸ್‌ನಲ್ಲಿ ಬರೆದ ಕೊನೆಯ ಪ್ರವೇಶ ಸಮಯಕ್ಕೆ ಎರಡು ಗಂಟೆ ಮೊದಲಾದರೂ ಸೂಳ್ಳೂರುಪೇಟ ಬಿಡಿ. ಊರಲ್ಲಿ ಲಾಡ್ಜ್‌ಗಳು ಕಡಿಮೆ, ದೊಡ್ಡ ಉಡಾವಣೆಗೆ ಮೊದಲೇ ತುಂಬುತ್ತವೆ. ನಾಯುಡುಪೇಟ, ತಡ, ಗುಮ್ಮಿಡಿಪೂಂಡಿ ಕಡೆ ನೋಡಿ. ತಿರುಪತಿಯಲ್ಲಿ ಉಳಿದು ಎರಡು ಗಂಟೆ ಮೊದಲೆದ್ದು ಬರುವವರೂ ಇದ್ದಾರೆ, ಕಾಳಹಸ್ತಿ ದರ್ಶನ ಸೇರಿಸಿಕೊಳ್ಳುವವರಿಗೆ ಅದೇ ಅನುಕೂಲ.

ಒಯ್ಯಬೇಕಾದ್ದು: ತಲೆಗೆ ಒಂದು ಲೀಟರಿಗಿಂತ ಹೆಚ್ಚು ನೀರು, ಟೋಪಿ, ತಂಪು ಕನ್ನಡಕ, ಬೈನಾಕ್ಯುಲರ್ (7×50 ಸಾಕು, ಕೈ ನಡುಗಿದರೂ ತಡೆಯುತ್ತದೆ), ಮೆಟ್ಟಿಲ ಮೇಲೆ ಹಾಸಲು ದಪ್ಪ ಟವೆಲ್. ಕೊಡೆ ಬಿಚ್ಚಿದರೆ ಹಿಂದಿನ ಸಾಲಿನವರ ಬೈಗುಳ ಖಂಡಿತ. ತಿನ್ನಲು ಸಿಕ್ಕೀತು, ಆದರೆ ಸಾಲು ಉದ್ದ; ಮಕ್ಕಳಿದ್ದರೆ ಚಪಾತಿ, ಚಿತ್ರಾನ್ನ, ಏನಾದರೂ ಬುತ್ತಿ ಕಟ್ಟಿಕೊಳ್ಳಿ. ಡ್ರೋನ್ ಮನೆಯಲ್ಲೇ ಬಿಡಿ, ಇದು ಕೇಂದ್ರೀಯ ಭದ್ರತಾ ಪಡೆ ಕಾಯುವ ಜಾಗ. ನಿಷೇಧದ ಪಟ್ಟಿಯನ್ನು ಪ್ರತಿ ಉಡಾವಣೆಯ ಪಾಸ್‌ನ ಜೊತೆ ಓದಿಕೊಳ್ಳಬೇಕು, ಕಳೆದ ಸಲ ಬಿಟ್ಟಿದ್ದರು ಎಂಬ ವಾದ ಗೇಟಿನಲ್ಲಿ ನಡೆಯದು.

ಫೋನಿನಲ್ಲಿ ವಿಡಿಯೋ ತೆಗೆಯುವವರಿಗೆ ಒಂದೇ ಸೂಚನೆ: ಮರಗಳ ಗೆರೆಯ ಮೇಲೆ ಬೆರಳಿಟ್ಟು ಫೋಕಸ್, ಬೆಳಕು ಎರಡನ್ನೂ ಮೊದಲೇ ಲಾಕ್ ಮಾಡಿ, ಬೆಳಕನ್ನು ಒಂದು ಹಂತ ಇಳಿಸಿ. ಲಾಕ್ ಮಾಡದಿದ್ದರೆ ಬೆಂಕಿ ಕಂಡೊಡನೆ ಫೋನು ತಬ್ಬಿಬ್ಬಾಗಿ ಮೊದಲ ಮೂರು ಸೆಕೆಂಡು ಮಸುಕು. ಜೂಮ್ ಬೇಡ. ಅಥವಾ ಫೋನನ್ನು ಜೇಬಿಗಿಟ್ಟು ಸುಮ್ಮನೆ ನೋಡಿ, ಇಸ್ರೋದ ಕ್ಯಾಮೆರಾಗಳು ನಮ್ಮವಕ್ಕಿಂತ ಎಷ್ಟೋ ಹತ್ತಿರದಲ್ಲಿವೆ.

ರಾಕೆಟ್ ಕಣ್ಮರೆಯಾದ ಮೇಲೆ ಮೂರು ನಿಮಿಷಕ್ಕೆಲ್ಲ ಅರ್ಧ ಗ್ಯಾಲರಿ ಖಾಲಿ. ಇದು ತಪ್ಪು, ನಿಜವಾದ ಕುತೂಹಲದ ಭಾಗ ಈಗ ಶುರು. ಪರದೆಯಲ್ಲಿ ಒಂದು ನಕ್ಷೆ ಇರುತ್ತದೆ: ರಾಕೆಟ್ ಹೋಗಬೇಕಾದ ದಾರಿಯ ಗೆರೆ ಮೊದಲೇ ಎಳೆದಿರುತ್ತದೆ, ನಿಜವಾಗಿ ಹೋಗುತ್ತಿರುವ ದಾರಿ ಅದರ ಮೇಲೆ ಬೇರೆ ಬಣ್ಣದಲ್ಲಿ ಬೆಳೆಯುತ್ತದೆ. ಎರಡೂ ಒಂದರ ಮೇಲೊಂದು ಕೂತಿದ್ದರೆ ಕ್ಷೇಮ. ಧ್ವನಿವರ್ಧಕದಲ್ಲಿ 'ಪಿಎಸ್1' ಎಂದರೆ ಪಿಎಸ್‌ಎಲ್‌ವಿಯ ಮೊದಲ ಹಂತ, 'ಪರ್ಫಾರ್ಮೆನ್ಸ್ ನಾರ್ಮಲ್' ಎಂದರೆ ಲೆಕ್ಕದಂತೆ ನಡೆಯುತ್ತಿದೆ. ಪಿಎಸ್‌ಎಲ್‌ವಿ ದಕ್ಷಿಣದ ಧ್ರುವೀಯ ಕಕ್ಷೆಗೆ ಹೊರಟಾಗ ನೇರ ದಕ್ಷಿಣಕ್ಕೆ ಹೋಗುವಂತಿಲ್ಲ, ದಾರಿಯಲ್ಲಿ ಶ್ರೀಲಂಕಾ ಇದೆ. ಕಳಚಿದ ಹಂತಗಳು ಜನವಸತಿಯ ಮೇಲೆ ಬೀಳಬಾರದು. ಹಾಗಾಗಿ ಮೊದಲು ಆಗ್ನೇಯಕ್ಕೆ ಹೋಗಿ ಆಮೇಲೆ ದಕ್ಷಿಣಕ್ಕೆ ತಿರುಗುತ್ತದೆ. ಭೂಪಟದ ಮೇಲೆ ಗೆರೆ ಬಾಗುವುದು ದಾರಿ ತಪ್ಪಿದ್ದಲ್ಲ. ಈ ತಿರುವಿಗೆ ಇಂಧನ ತೆರಬೇಕು. ಚಿಕ್ಕ ರಾಕೆಟ್‌ಗಳಿಗೆಂದು ತಮಿಳುನಾಡಿನ ಕುಲಶೇಖರಪಟ್ಟಿಣದಲ್ಲಿ ಇನ್ನೊಂದು ಉಡಾವಣಾ ಕೇಂದ್ರ ಕಟ್ಟುತ್ತಿರುವುದಕ್ಕೆ ಇದೇ ಕಾರಣ.

ವೈಫಲ್ಯವೂ ಕಾಣುವುದು ಆ ನಕ್ಷೆಯಲ್ಲೇ, ಆಕಾಶದಲ್ಲಲ್ಲ. 2025ರ ಮೇ 18ರ ಪಿಎಸ್‌ಎಲ್‌ವಿ-ಸಿ61ರಲ್ಲಿ ಮೊದಲೆರಡು ಹಂತ ಸುಸೂತ್ರ, ಮೂರನೆಯದರಲ್ಲಿ ಒತ್ತಡ ಕುಸಿಯಿತು. 2021ರ ಆಗಸ್ಟ್ 12ರ ಜಿಎಸ್‌ಎಲ್‌ವಿ-ಎಫ್10ರಲ್ಲಿ ದ್ರವ ಜಲಜನಕ ತುಂಬಿದ ಮೇಲಿನ ಕ್ರಯೋಜೆನಿಕ್ ಹಂತ ಹೊತ್ತಿಕೊಳ್ಳಲೇ ಇಲ್ಲ. ಎರಡರಲ್ಲೂ ಬರಿಗಣ್ಣಿಗೆ ಕಂಡ ಉಡಾವಣೆ ಅಚ್ಚುಕಟ್ಟು. ನಿಜದ ಗೆರೆ ಯೋಜನೆಯ ಗೆರೆಗಿಂತ ಕೆಳಗೆ ಬಾಗತೊಡಗಿ, ವ್ಯಾಖ್ಯಾನಕಾರರು ಮೌನವಾದರೆ ಅರ್ಥ ಮಾಡಿಕೊಳ್ಳಿ. ಎಲ್ಲ ಸರಿಹೋದರೆ ಉಪಗ್ರಹ ಬೇರ್ಪಡುವುದು ಸಾಮಾನ್ಯವಾಗಿ 16ರಿಂದ 20 ನಿಮಿಷಕ್ಕೆ, ಆದಿತ್ಯ-ಎಲ್1ರಂಥ ಯೋಜನೆಗಳಲ್ಲಿ ಒಂದು ಗಂಟೆಗೂ ಮೇಲೆ. ಬೇರ್ಪಟ್ಟ ಮೇಲಿನ ಉಸ್ತುವಾರಿ ಕರ್ನಾಟಕದ್ದು: ಉಪಗ್ರಹಗಳ ಜಾಡು ಹಿಡಿಯುವ ಬೆಂಗಳೂರು ಪೀಣ್ಯದ ಇಸ್ಟ್ರಾಕ್, ಭೂಸ್ಥಿರ ಉಪಗ್ರಹವಾದರೆ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ. ಕೇಂದ್ರಕ್ಕೆ ಹೆಸರು ಕೊಟ್ಟ ಸತೀಶ್ ಧವನ್ ಕೂಡ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದುಕೊಂಡೇ ಇಸ್ರೋ ನಡೆಸಿದವರು. ಇಷ್ಟೆಲ್ಲ ಮುಗಿಸಿ ಎದ್ದರೆ ಪಾರ್ಕಿಂಗ್‌ನ ನೂಕುನುಗ್ಗಲೂ ಅಷ್ಟರಲ್ಲಿ ತಿಳಿಯಾಗಿರುತ್ತದೆ.

ಗ್ಯಾಲರಿಯ ಜೊತೆಗೆ ರಾಕೆಟ್‌ಗಳ ಮಾದರಿ ನಿಲ್ಲಿಸಿದ ತೋಟ ಮತ್ತು ಒಂದು ವಸ್ತುಸಂಗ್ರಹಾಲಯ ಇವೆ. ಮಕ್ಕಳಿಗೆ ಅಳತೆಯ ಅಂದಾಜು ಸಿಗಲು ತೋಟ ಒಳ್ಳೆಯದು, ಉಡಾವಣೆಗೆ ಮೊದಲೇ ನೋಡಿಬಿಡಿ. ಉಡಾವಣಾ ವೇದಿಕೆ, ಜೋಡಣಾ ಕಟ್ಟಡ, ನಿಯಂತ್ರಣ ಕೊಠಡಿಗಳನ್ನು ಗ್ಯಾಲರಿ ಪಾಸ್‌ನಲ್ಲಿ ತೋರಿಸುವುದಿಲ್ಲ. ಈ ವಿಷಯದಲ್ಲಿ ಅಂಕ ಕಡಿಮೆಯೇ. ಬಸ್ಸಿನಲ್ಲಿ ದೂರದಿಂದಾದರೂ ಒಂದು ಸುತ್ತು ತೋರಿಸಿದ್ದರೆ ಅರ್ಧ ದಿನ ಕಾಯುವವರಿಗೆ ಸಾರ್ಥಕವಾಗುತ್ತಿತ್ತು. ನೆರಳು ಸಾಲದು ಎಂಬುದು ಇನ್ನೊಂದು ದೂರು. ವಿವರಣೆ ಬಹುಪಾಲು ಇಂಗ್ಲಿಷಿನಲ್ಲಿ, ಹಂತಗಳ ಹೆಸರು ಗೊತ್ತಿಲ್ಲದ ಅಜ್ಜ-ಅಜ್ಜಿಯರಿಗೆ ಪಕ್ಕದಲ್ಲಿ ಕೂತು ಹೇಳುವವರು ಬೇಕು.

ಪಾಸ್ ಸಿಗದಿದ್ದರೆ? ಪುಲಿಕಾಟ್ ಸರೋವರದ ರಸ್ತೆಯ ಸೂಳ್ಳೂರುಪೇಟ ಕಡೆಯ ಭಾಗದಲ್ಲಿ, ಪೊಲೀಸರು ಬಿಟ್ಟಲ್ಲಿ ನಿಂತು ನೋಡುವವರು ಬಹಳ. ಸದ್ದು ಕಡಿಮೆ, ಆದರೆ ನೀರಿನ ಬಯಲಿನ ಮೇಲೆ ಅಡ್ಡ ಬರುವ ಮರಗಳೂ ಕಡಿಮೆ. ದಕ್ಷಿಣಕ್ಕೆ ತಮಿಳುನಾಡಿನ ಪಳವೇರ್ಕಾಡು ತೀರದಿಂದಲೂ ಚೆನ್ನಾಗಿ ಕಾಣುತ್ತದೆ. ರಾತ್ರಿಯ ಉಡಾವಣೆಯಾದರೆ ಚೆನ್ನೈನ ಮಹಡಿ ಮೇಲಿಂದಲೇ ಸಾಕು.

ಚಳಿಗಾಲದಲ್ಲಿ ಹೋದವರಿಗೆ ಇನ್ನೊಂದು ಲಾಭವಿದೆ. ಪುಲಿಕಾಟ್ ದೇಶದ ಎರಡನೇ ದೊಡ್ಡ ಉಪ್ಪುನೀರ ಸರೋವರ, ಮೊದಲನೆಯದು ಒಡಿಶಾದ ಚಿಲಿಕಾ. ನವೆಂಬರಿನಿಂದ ಫೆಬ್ರವರಿವರೆಗೆ ಫ್ಲೆಮಿಂಗೊಗಳು ಆ ರಸ್ತೆಯ ಎರಡೂ ಬದಿ ಕಾಣಸಿಗುತ್ತವೆ, ಹೆಜ್ಜಾರ್ಲೆಗಳು ಗೂಡು ಕಟ್ಟುವ ನೇಲಪಟ್ಟು ಪಕ್ಷಿಧಾಮ ಸೂಳ್ಳೂರುಪೇಟಕ್ಕೆ ಸುಮಾರು 20 ಕಿ.ಮೀ. ಬೆಳಗಿನ ಉಡಾವಣೆ ಮುಗಿಸಿ, ಊರಲ್ಲಿ ಆಂಧ್ರ ಊಟ ಮಾಡಿ, ಬಿಸಿಲಿಳಿದ ಮೇಲೆ ನೇಲಪಟ್ಟು ನೋಡಿ, ನಾಯುಡುಪೇಟ ಮೇಲೆ ತಿರುಪತಿ ಸೇರುವುದು ಸರಿಯಾದ ಕ್ರಮ. ಪಕ್ಷಿಧಾಮ ಆ ದಾರಿಯಲ್ಲೇ ಸಿಗುತ್ತದೆ, ಹಿಂದೆ ಮುಂದೆ ಓಡಾಡಬೇಕಿಲ್ಲ.